ಯಾದಿಯಲ್ಲಿ ಇಲ್ಲದವರು: ಕೃಷ್ಣೆಯ ಮಹಾಪೂರ ಮತ್ತು ಕಾರಿತಾಸ್



ಕಳೆದ ಸಲ ನಾನು ಶಾಲೆಯಲ್ಲಿ ಮಕ್ಕಳಿಗೆ ಕೊಡುತ್ತಿದ್ದ ಉಪ್ಪಿಟ್ಟಿನ ಕುರಿತು ಬರೆದಿದ್ದೆ. ಅದನ್ನು ಓದಿ ಹಳೆಯ ವಿದ್ಯಾರ್ಥಿಯೊಬ್ಬನು ಫೋನ್ ಮಾಡಿದನು. "ಸರ, ಉಪ್ಪಿಟ್ಟು ಕೊಡತಿದ್ದವರು ಕಾರಿತಾಸ್‌ನವರು ರೀ. 2019ರಾಗ ಹೊಳಿ ಬಂದಾಗ ನಮ್ಮ ಕಡೆ ಬಂದವರೂ ಅವರ. ನೀವು ಬರೇ ಕೇರ್ ಅಂತ ಬರದೀರಿ" ಎಂದು ನನ್ನನ್ನೇ ತಿದ್ದಿದನು. ಶಿಷ್ಯನಿಂದ ತಿದ್ದಿಸಿಕೊಳ್ಳುವುದು ಮೇಷ್ಟರಿಗೆ ಸಂತೋಷದ ಸಂಗತಿಯೇ. ಆದರೆ ಈ ಸಲ ತಪ್ಪು ಅವನದು. ಎರಡು ಹೆಸರುಗಳನ್ನು ಒಂದೇ ಎಂದು ತಿಳಿದವರು ನಮ್ಮ ಭಾಗದಲ್ಲಿ ಅವನೊಬ್ಬನೇ ಅಲ್ಲವಾದ್ದರಿಂದ, ಅದನ್ನು ಬಿಡಿಸಿ ಹೇಳುವ ನೆಪದಲ್ಲಿ ಬಹಳ ದಿನಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಒಂದು ವಿಷಯವನ್ನೂ ಬರೆಯಬೇಕೆನಿಸಿತು.

ಕೇರ್ ಎಂಬುದು 1945ರಲ್ಲಿ, ಎರಡನೆಯ ಮಹಾಯುದ್ಧದಿಂದ ನೊಂದ ಯುರೋಪಿನ ಜನರಿಗೆ ಆಹಾರದ ಪೊಟ್ಟಣಗಳನ್ನು ಕಳುಹಿಸಲು ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ. ಅದು ಯಾವುದೇ ಒಂದು ಚರ್ಚಿಗೆ ಸೇರಿದ್ದಲ್ಲ. ನಮ್ಮ ಶಾಲೆಗಳಿಗೆ ಬಂದ ಗೋಧಿಯ ನುಚ್ಚು, ಹಾಲಿನ ಪುಡಿ, ಎಣ್ಣೆಯ ಡಬ್ಬಿಗಳು ಅದರ ಮೂಲಕ ಬಂದವು. ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರು 1943ರಲ್ಲಿ ಆರಂಭಿಸಿದ ಇನ್ನೊಂದು ಪರಿಹಾರ ಸಂಸ್ಥೆಯಿತ್ತು, ಅದನ್ನು ಸಿ.ಆರ್.ಎಸ್. ಎನ್ನುತ್ತಿದ್ದರು. ಅದು 1946ರಿಂದಲೇ ಭಾರತದಲ್ಲಿ ಕೆಲಸ ಮಾಡುತ್ತಿತ್ತು. 1954ರ ಜುಲೈನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಪಿ.ಎಲ್. 480 ಎಂಬ ಕಾನೂನಿನಿಂದ ಅಮೆರಿಕದ ಹೆಚ್ಚುವರಿ ಧಾನ್ಯವು ಹೊರದೇಶಗಳಿಗೆ ಹರಿಯತೊಡಗಿತು. ಅದರ ಒಂದು ಭಾಗವನ್ನು ಸರಕಾರಗಳು ಕೊಂಡುಕೊಂಡರೆ, ಇನ್ನೊಂದು ಭಾಗವು ಇಂಥ ಸ್ವಯಂಸೇವಾ ಸಂಸ್ಥೆಗಳ ಕೈಯಿಂದ ಉಚಿತವಾಗಿ ಹಂಚಿಕೆಯಾಯಿತು. ಎಣ್ಣೆಯ ಡಬ್ಬಿಯ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದ ಚಿತ್ರವಿರುತ್ತಿತ್ತಲ್ಲ, ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬೇಕು. ಆ ಚಿತ್ರ ಅಮೆರಿಕದ ಸರಕಾರದ್ದು, ಯಾವ ಸಂಸ್ಥೆಯದೂ ಅಲ್ಲ. ಖಾಲಿ ಡಬ್ಬಿಗಳಿಗಾಗಿ ಊರಿನಲ್ಲಿ ನಡೆಯುತ್ತಿದ್ದ ಜಗಳವೇ ಒಂದು ಪ್ರತ್ಯೇಕ ಲೇಖನಕ್ಕಾಗುವಷ್ಟಿದೆ.

ಕಾರಿತಾಸ್ ಇವೆರಡರಿಂದಲೂ ಬೇರೆ. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಪ್ರೀತಿ, ಕರುಣೆ ಎಂಬ ಅರ್ಥಗಳಿವೆ. ಜರ್ಮನಿಯಲ್ಲಿ ಲೊರೆನ್ಜ್ ವೆರ್ಥ್‌ಮನ್ ಎಂಬ ಪಾದ್ರಿಯು 1897ರಲ್ಲಿ ಆ ಹೆಸರಿನ ಮೊದಲ ಸಂಘಟನೆಯನ್ನು ಕಟ್ಟಿದರು. ಬೇರೆ ಬೇರೆ ದೇಶಗಳಲ್ಲಿ ಬೆಳೆದ ಇಂಥ ಸಂಘಟನೆಗಳು 1951ರಲ್ಲಿ ಒಂದು ಒಕ್ಕೂಟವಾದವು. ಕಾರಿತಾಸ್ ಇಂಡಿಯಾ ಹುಟ್ಟಿದ್ದು 1962ರಲ್ಲಿ. ಭಾರತದ ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನವು ಅದನ್ನು ಸ್ಥಾಪಿಸಿತು, ಅದರ ಕಚೇರಿ ದೆಹಲಿಯಲ್ಲಿದೆ. 1971ರಲ್ಲಿ ಪೂರ್ವ ಬಂಗಾಲದಿಂದ ಬಂದ ನಿರಾಶ್ರಿತರು, 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಹೀಗೆ ದೇಶದ ದೊಡ್ಡ ವಿಪತ್ತುಗಳಲ್ಲೆಲ್ಲ ಅದು ದುಡಿದಿದೆ.

ಅದರ ವ್ಯವಸ್ಥೆಯನ್ನು ತುಸು ವಿವರಿಸಬೇಕು, ಏಕೆಂದರೆ ಮುಂದಿನ ಮಾತು ಅದರ ಮೇಲೆ ನಿಂತಿದೆ. ದೆಹಲಿಯ ಕಚೇರಿ ತಾನೇ ಹಳ್ಳಿಗೆ ಬರುವುದು ಕಡಿಮೆ. ಪ್ರತಿಯೊಂದು ಧರ್ಮಪ್ರಾಂತ್ಯಕ್ಕೆ, ಎಂದರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶಕ್ಕೆ, ಒಂದು ಸಮಾಜ ಸೇವಾ ಸಂಸ್ಥೆ ಇರುತ್ತದೆ. ಊರಿನಲ್ಲಿ ಕಾಣಿಸಿಕೊಳ್ಳುವವರು ಆ ಸಂಸ್ಥೆಯವರು. ನಮ್ಮ ಬೆಳಗಾವಿ ಧರ್ಮಪ್ರಾಂತ್ಯವು 1953ರಲ್ಲಿ, ಬೆಳಗಾವಿ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗ ರಚನೆಯಾಯಿತು. ಹಣವು ಜರ್ಮನಿಯಂಥ ದೇಶಗಳ ಸೋದರ ಸಂಸ್ಥೆಗಳಿಂದ ಬರುತ್ತಿತ್ತು. ಇಲ್ಲಿಯ ಚರ್ಚುಗಳಿಂದಲೂ ಬರುತ್ತದೆ. ಈಸ್ಟರ್ ಹಬ್ಬದ ಮುಂಚಿನ 40 ದಿನಗಳ ತಪಸ್ಸು ಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧದ ಅಭಿಯಾನವೆಂದು ಚಂದಾ ಎತ್ತುತ್ತಾರೆ. ಒಂದು ಹೊತ್ತಿನ ಊಟ ಬಿಟ್ಟು ಉಳಿಸಿದ ದುಡ್ಡನ್ನು ಅದಕ್ಕೆ ಹಾಕುವವರೂ ಇದ್ದಾರೆ. ನಮ್ಮಲ್ಲಿ ಶ್ರಾವಣ ಸೋಮವಾರದ ಉಪವಾಸ ಮಾಡುವವರಿಗೆ ಇದು ಹೊಸದಾಗಿ ತೋರಲಿಕ್ಕಿಲ್ಲ. ಉಪವಾಸದ ಉಳಿತಾಯವನ್ನು ಇನ್ನೊಬ್ಬರ ಊಟಕ್ಕೆ ಕಳುಹಿಸುವ ಲೆಕ್ಕ ಮಾತ್ರ ನಮ್ಮಲ್ಲಿ ಅಪರೂಪ.

ಈಗ ನಮ್ಮ ನೆಲಕ್ಕೆ ಬರೋಣ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ನಾನು ನೌಕರಿ ಮಾಡುವಾಗ ಇವು ಮೂರೇ ತಾಲ್ಲೂಕುಗಳಾಗಿದ್ದವು. ಚಿಕ್ಕೋಡಿಯಿಂದ ನಿಪ್ಪಾಣಿಯೂ ಅಥಣಿಯಿಂದ ಕಾಗವಾಡವೂ ಬೇರ್ಪಟ್ಟು 2018ರಲ್ಲಿ ತಾಲ್ಲೂಕುಗಳಾಗಿ ಕೆಲಸ ಆರಂಭಿಸಿದವು. ಹೊರಗಿನವರು ಈ ಭಾಗವನ್ನು ಸಿರಿವಂತರ ನಾಡು ಎನ್ನುತ್ತಾರೆ. ಅದು ಸುಳ್ಳಲ್ಲ. 1939ರಲ್ಲಿ ಸ್ಥಾಪನೆಯಾದ ಉಗಾರದ ಸಕ್ಕರೆ ಕಾರ್ಖಾನೆ, ಅದರ ನಂತರ ಎದ್ದ ಸಹಕಾರಿ ಕಾರ್ಖಾನೆಗಳು, ಹೊಳೆಯಿಂದ ನೀರೆತ್ತುವ ಪಂಪುಗಳು, ನಿಪ್ಪಾಣಿಯ ತಂಬಾಕಿನ ವ್ಯಾಪಾರ, ಎಲ್ಲವೂ ಹಣ ತಂದವು. ಆದರೆ ಕಬ್ಬು ಕಡಿಯುವವರು, ಬೀಡಿ ಕಟ್ಟುವ ಹೆಂಗಸರು, ಇಟ್ಟಿಗೆ ಭಟ್ಟಿಯ ಆಳುಗಳು, ಇನ್ನೊಬ್ಬರ ಹೊಲದ ಬದುವಿನಲ್ಲಿ ಗುಡಿಸಲು ಹಾಕಿಕೊಂಡವರು ಆ ಸಿರಿಯ ನೆರಳಿನಲ್ಲಿ ಕಾಣದೆ ಉಳಿದರು. ನೆರವಿನ ಸಂಸ್ಥೆಗಳು ಬರಗಾಲದ ತಾಲ್ಲೂಕುಗಳನ್ನು ಹುಡುಕಿಕೊಂಡು ಹೋಗುತ್ತವೆ. ಹಸಿರು ಕಬ್ಬಿನ ನಡುವೆ ಬಡತನವನ್ನು ಹುಡುಕುವವರು ಯಾರು?

ಅಥಣಿಯ ವಿಚಿತ್ರವನ್ನು ನೋಡಿರಿ. ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ ಕೃಷ್ಣೆ ಹರಿಯುತ್ತಾಳೆ. ತೆಲಸಂಗ, ಅನಂತಪುರದ ಕಡೆಗೆ ಹೋದರೆ ಮಳೆಗಾಗಿ ಆಕಾಶ ನೋಡುವ ಎರೆ ನೆಲ. 2019ರ ಬೇಸಿಗೆಯಲ್ಲಿ ಕೃಷ್ಣೆಯ ಪಾತ್ರವೇ ಒಣಗಿ, ಕೊಯ್ನಾ ಜಲಾಶಯದಿಂದ ಕುಡಿಯುವ ನೀರು ಬಿಡಬೇಕೆಂದು ಮಹಾರಾಷ್ಟ್ರವನ್ನು ಕೇಳಬೇಕಾಗಿ ಬಂದಿತ್ತು. ಅದೇ ವರ್ಷದ ಆಗಸ್ಟ್ ಮೊದಲ ವಾರದಲ್ಲಿ ಅದೇ ಕೃಷ್ಣೆ ಊರುಗಳನ್ನು ನುಂಗಿತು.

ನಮ್ಮ ಮಹಾಪೂರದ ಸ್ವಭಾವವನ್ನು ಅರಿಯದವರಿಗೆ ಒಂದು ಮಾತು. ನಮ್ಮಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಬರುತ್ತದೆ. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಗೆ ಕರಾಡದಲ್ಲಿ ಕೊಯ್ನಾ, ಸಾಂಗಲಿಯ ಹತ್ತಿರ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ ಸೇರುತ್ತವೆ. ಇತ್ತ ನಿಪ್ಪಾಣಿಯ ಕಡೆಯಿಂದ ವೇದಗಂಗಾ ಮತ್ತು ದೂಧಗಂಗಾ ಕೂಡಿಕೊಂಡು ಬಂದು ಅವಳನ್ನು ಸೇರುತ್ತವೆ. ಘಟ್ಟದ ಮೇಲೆ ಸುರಿದ ನೀರೆಲ್ಲ ನಮ್ಮ ಅಂಗಳಕ್ಕೆ ಬರಬೇಕು. ಮೊದಲು ಸೇತುವೆಯಾಗಿ ಬಳಸುವ ಬಾಂದಾರಗಳು ಮುಳುಗುತ್ತವೆ: ಕಾರದಗಾ–ಭೋಜ, ಸದಲಗಾ–ಬೋರಗಾಂವ, ಕಲ್ಲೋಳ–ಯಡೂರ. ಆಮೇಲೆ ನೀರು ನಿಧಾನವಾಗಿ ಓಣಿಗೆ ಏರುತ್ತದೆ, ಏರಿದ ಮೇಲೆ ಬೇಗ ಇಳಿಯುವುದಿಲ್ಲ. 2019ರಲ್ಲಿ ಯಮಗರ್ಣಿಯ ಬಳಿ ವೇದಗಂಗೆಯ ನೀರು ಬಂದು ಪುಣೆ–ಬೆಂಗಳೂರು ಹೆದ್ದಾರಿಯೇ ದಿನಗಟ್ಟಲೆ ಬಂದಾಯಿತು. ಕೆಳಗೆ ಆಲಮಟ್ಟಿಯಿಂದ ಸೆಕೆಂಡಿಗೆ 5 ಲಕ್ಷ ಘನ ಅಡಿಗಿಂತಲೂ ಹೆಚ್ಚು ನೀರನ್ನು ಹೊರಬಿಡುತ್ತಿದ್ದರು. ಆಲಮಟ್ಟಿಯ ಹಿನ್ನೀರಿನಿಂದ ಸಾಂಗಲಿ ಮುಳುಗಿತೆಂದು ಅವರು, ಕೊಯ್ನೆಯಿಂದ ನೀರು ಬಿಟ್ಟು ನಮ್ಮನ್ನು ಮುಳುಗಿಸಿದರೆಂದು ನಾವು, ಎರಡು ರಾಜ್ಯಗಳ ವಾದ ಪತ್ರಿಕೆಗಳಲ್ಲಿ ನಡೆಯಿತು. ಗಂಜಿ ಕೇಂದ್ರದಲ್ಲಿ ಕುಳಿತವರು ಆ ವಾದದಲ್ಲಿ ಪಾಲ್ಗೊಳ್ಳಲಿಲ್ಲ.

ಮಣ್ಣಿನ ಮಾಳಿಗೆಯ ಮನೆಗಳು ನೀರು ನಿಂತಾಗ ಬೀಳುವುದು ಕಡಿಮೆ, ನೀರು ಇಳಿದ ಮೇಲೆ ಬೀಳುತ್ತವೆ. ನೆನೆದ ಗೋಡೆ ಬಿಸಿಲಿಗೆ ಒಣಗುತ್ತಾ ಬಿರುಕು ಬಿಟ್ಟು, ಜನರು ಮನೆಗೆ ಮರಳಿ ಕಸ ತೆಗೆಯುವ ಹೊತ್ತಿಗೆ ಕುಸಿಯುತ್ತದೆ. ಆದ್ದರಿಂದ ಮಹಾಪೂರದ ನಿಜವಾದ ಕಷ್ಟ ಆರಂಭವಾಗುವುದು, ಟಿ.ವಿ.ಯವರು ಕ್ಯಾಮೆರಾ ಕಟ್ಟಿಕೊಂಡು ಹೋದ ಮೇಲೆ. ಮೊದಲ ವಾರದಲ್ಲಿ ಅನ್ನಕ್ಕೆ ಕೊರತೆಯಾಗಲಿಲ್ಲ. ನಾಡಿನ ಮೂಲೆಮೂಲೆಗಳಿಂದ ಕಡಕ ರೊಟ್ಟಿ, ಶೇಂಗಾ ಚಟ್ನಿ, ಅಕ್ಕಿ, ಚಾದರ ತುಂಬಿದ ಗಾಡಿಗಳು ಬಂದವು. ಮಠಗಳು, ಮಸೀದಿಗಳು, ತರುಣ ಮಂಡಳಗಳು ಪಂಕ್ತಿ ಹಾಕಿದವು. ಹಳೆಯ ಬಟ್ಟೆಗಳ ರಾಶಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮನೆ ಕಳೆದುಕೊಂಡವರು ಮಾನವನ್ನೂ ಕಳೆದುಕೊಂಡಿರುತ್ತಾರೆಂದು ಭಾವಿಸುವುದು ದಾನಿಗಳ ದೊಡ್ಡ ತಪ್ಪು. ಎರಡನೆಯ ತಿಂಗಳಿಗೆ ರಸ್ತೆಯಲ್ಲಿ ಗಾಡಿಗಳು ಕಾಣಲಿಲ್ಲ.

ಸರಕಾರವು ಕುಟುಂಬಕ್ಕೆ 10,000 ರೂಪಾಯಿಗಳ ತಕ್ಷಣದ ಪರಿಹಾರವನ್ನೂ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿಗಳನ್ನೂ ಘೋಷಿಸಿತು. ಕೇಂದ್ರದ ನಿಯಮದಂತೆ ಆಗ ಪೂರ್ತಿ ಬಿದ್ದ ಮನೆಗೆ ಸಿಗಬೇಕಾದದ್ದು 95,100 ರೂಪಾಯಿಗಳು ಮಾತ್ರ ಎಂಬುದನ್ನು ಗಮನಿಸಿದರೆ ಅದು ಉದಾರವಾದ ಮೊತ್ತವೇ. ಆದರೆ ಮನೆಯ ಪರಿಹಾರಕ್ಕೆ ಉತಾರ ಬೇಕು. ಉತಾರ ಯಾರ ಹೆಸರಿನಲ್ಲಿದೆಯೋ ಅವರಿಗೆ ಹಣ. ಗಾಂವಠಾಣದ ಹೊರಗೆ ಕಟ್ಟಿಕೊಂಡವನಿಗೆ ಉತಾರವಿಲ್ಲ. ಬಾಡಿಗೆಯವನಿಗೆ ಇಲ್ಲ. ತಂದೆಯ ಹೆಸರಿನಲ್ಲಿದ್ದ ಮನೆಯಲ್ಲಿ ಮೂವರು ಮಕ್ಕಳು ಮೂರು ಒಲೆ ಹೂಡಿದ್ದರೆ ಕಾಗದದಲ್ಲಿ ಅದು ಒಂದೇ ಮನೆ. ನಿಯಮ ಮಾಡಿದವರನ್ನು ನಾನು ದೂರುತ್ತಿಲ್ಲ. ಕಾಗದವಿಲ್ಲದೆ ಹಣ ಕೊಟ್ಟರೆ ಏನಾಗುವುದೆಂದು ಬಲ್ಲೆ. ಬೀಳದ ಮನೆ ಬಿದ್ದ ಸುದ್ದಿಗಳನ್ನೂ ಆ ವರ್ಷ ಕೇಳಿದ್ದೇವೆ.

ಕಾರಿತಾಸ್‌ನಂಥ ಸಂಸ್ಥೆಯ ಕೆಲಸಕ್ಕೆ ಅರ್ಥ ಬರುವುದು ಈ ಬಿರುಕಿನಲ್ಲಿ. ಬೆಳಗಾವಿಯ ಧರ್ಮಪ್ರಾಂತ್ಯದ ಸಮಾಜ ಸೇವಾ ಸಂಸ್ಥೆಯ ಜೊತೆಗೂಡಿ ಅದು 2019ರಲ್ಲಿ ನಮ್ಮ ಭಾಗದ ನೆರೆಪೀಡಿತರ ನಡುವೆ ಕೆಲಸ ಮಾಡಿತು. ಸರಕಾರದ ಹಣದ ಎದುರು ಅದರ ಹಣ ಅಂಗೈಯ ನೀರಿನಷ್ಟು. ಆದ್ದರಿಂದ ಯಾರಿಗೆ ಕೊಡಬೇಕು ಎಂಬುದೇ ಅದಕ್ಕೆ ದೊಡ್ಡ ಪ್ರಶ್ನೆ. ಇಂಥ ಸಂಸ್ಥೆಗಳಿಗೆ ಒಂದು ಕಟ್ಟಳೆಯ ಪುಸ್ತಕವೇ ಇದೆ. 1997ರಲ್ಲಿ ಜಗತ್ತಿನ ಪರಿಹಾರ ಸಂಸ್ಥೆಗಳೂ ರೆಡ್ ಕ್ರಾಸ್ ಚಳವಳಿಯೂ ಕೂಡಿ ಅದನ್ನು ಸಿದ್ಧಪಡಿಸಲು ಆರಂಭಿಸಿದವು. ಸ್ಫಿಯರ್ ಎಂದು ಅದರ ಹೆಸರು. ಒಬ್ಬ ಮನುಷ್ಯನಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 2,100 ಕ್ಯಾಲೊರಿಯ ಆಹಾರ, ಮಲಗಿ ಏಳಲು ಕನಿಷ್ಠ ಮೂರೂವರೆ ಚದರ ಮೀಟರ್ ಸೂರು. ಅದನ್ನು ಓದಿ ನಮ್ಮ ಶಾಲೆಯ ಕೋಣೆಗಳನ್ನು ಲೆಕ್ಕ ಹಾಕಿದೆ. 20 ಅಡಿಗೆ 20 ಅಡಿಯ ಕೋಣೆ ಸುಮಾರು 37 ಚದರ ಮೀಟರ್, ಎಂದರೆ ಹತ್ತು ಜನರಿಗೆ ಸಾಕಾಗುತ್ತದೆ. ನಾವು ಒಂದೊಂದು ಕೋಣೆಯಲ್ಲಿ ಎಂಟು ಕುಟುಂಬಗಳನ್ನು ಇಳಿಸಿದ್ದೆವು.

ಅದು 2005ರ ಮಾತು. ಈ ಲೇಖನ ಬರೆಯಲು ನನ್ನನ್ನು ಎಳೆದುತಂದದ್ದೂ ಅದೇ ವರ್ಷ.

ಆಗ ನಾನು ರಾಯಬಾಗ ತಾಲ್ಲೂಕಿನ ಹೊಳೆಸಾಲಿನ ಒಂದು ಊರಿನಲ್ಲಿ ಮುಖ್ಯಾಧ್ಯಾಪಕನಾಗಿದ್ದೆ. ಊರಿನ ಹೆಸರು ಹೇಳುವುದಿಲ್ಲ, ತಿಳಿದವರಿಗೆ ತಿಳಿಯುತ್ತದೆ. ಜುಲೈ ಕೊನೆಯಲ್ಲಿ ನೀರು ಏರಿತು. ಶಾಲೆ ದಿಬ್ಬದ ಮೇಲಿದ್ದುದರಿಂದ ಅದೇ ಗಂಜಿ ಕೇಂದ್ರವಾಯಿತು. ಅಕ್ಷರ ದುಂಡಗಿವೆ ಎಂಬ ಕಾರಣಕ್ಕೆ ಕುಟುಂಬಗಳ ಯಾದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪಡಿತರ ಚೀಟಿ ನೋಡುವುದು, ಹೆಸರು ಬರೆಯುವುದು, ಹೆಬ್ಬೆಟ್ಟು ಹಚ್ಚಿಸುವುದು. ಹೀಗೇ ಬರೆಯಬೇಕೆಂದು ಯಾರೂ ನನಗೆ ಹೇಳಿರಲಿಲ್ಲ. ನಾನೇ ಮಾಡಿಕೊಂಡ ನಿಯಮ ಅದು.

ಮೂರನೆಯ ದಿನ ಒಬ್ಬ ಹೆಣ್ಣುಮಗಳು ಮಗನ ಕೈಹಿಡಿದುಕೊಂಡು ಮೇಜಿನ ಎದುರು ನಿಂತಳು. ಚಿಕ್ಕವಳಿದ್ದಾಗ ದೇವರಿಗೆ ಬಿಟ್ಟವಳು. ಹಾಗೆ ಬಿಡುವುದನ್ನು 1982ರ ಕಾನೂನು ನಿಷೇಧಿಸಿತ್ತು. ಅವಳನ್ನು ಬಿಟ್ಟದ್ದು ಅದಕ್ಕಿಂತ ಮೊದಲು. ಮಗ ನಮ್ಮ ಶಾಲೆಯಲ್ಲೇ ನಾಲ್ಕನೆಯ ಇಯತ್ತೆಯಲ್ಲಿ ಕಲಿಯುತ್ತಿದ್ದನು.

"ಕಾರ್ಡ್ ಎಲ್ಲಿ ಐತಿ?" ಎಂದು ಕೇಳಿದೆ.

"ಕಾರ್ಡ್ ಅಣ್ಣನ ಹೆಸರಾಗ ಐತ್ರಿ, ಗುರುಗಳ. ಅಂವ ನಮ್ಮನ್ನ ಬ್ಯಾರೆ ಇಟ್ಟಾನ್ರಿ."

"ಹಂಗಾರ ಅಣ್ಣನ್ನ ಕರಕೊಂಡು ಬಾ" ಎಂದು ಹೇಳಿ ನಾನು ಮುಂದಿನವರನ್ನು ಕರೆದೆ. ಸಾಲಿನಲ್ಲಿ ನೂರಾರು ಜನರಿದ್ದರು. ಸಿಟ್ಟಿನಿಂದ ಹೇಳಿದ್ದಲ್ಲ, ಗಡಿಬಿಡಿಯಲ್ಲಿ ಹೇಳಿದ್ದು. ಅವಳು ಮರಳಿ ಬರಲಿಲ್ಲ. ಅಣ್ಣನು ಬಂದು ತನ್ನ ಕುಟುಂಬದ ಹೆಸರು ಬರೆಸಿ ಹೋಗಿದ್ದನು. ನೀರು ಇಳಿದ ಮೇಲೆ ಶಾಲೆ ಆರಂಭವಾಯಿತು. ಹಾಜರಿ ಪುಸ್ತಕದಲ್ಲಿ ಆ ಹುಡುಗನ ಹೆಸರಿನ ಮುಂದೆ ಗೈರು, ಗೈರು, ಗೈರು. ವಿಚಾರಿಸಿದಾಗ ತಾಯಿ ಮಗ ಇಚಲಕರಂಜಿಗೆ ಹೋದರೆಂದೂ ಅಲ್ಲಿ ಮಗ್ಗದ ಕೆಲಸ ಸಿಕ್ಕಿತೆಂದೂ ಯಾರೋ ಹೇಳಿದರು. ವರ್ಷದ ಕೊನೆಗೆ ನಿಯಮದಂತೆ ಅವನ ಹೆಸರನ್ನು ಕಡಿಮೆ ಮಾಡಿ ಸಹಿ ಹಾಕಿದೆ. ಎರಡು ಯಾದಿಗಳಲ್ಲಿ ಅವರ ಹೆಸರು ಇಲ್ಲದಂತೆ ಮಾಡಿದ್ದು ಒಂದೇ ಕೈ.

ದೇವದಾಸಿ ಪದ್ಧತಿಗೆ ಬಲಿಯಾದವರ ಸಮೀಕ್ಷೆಯನ್ನು ರಾಜ್ಯ ಸರಕಾರವು 1993–94ರಲ್ಲಿ ಮಾಡಿಸಿತ್ತು. 2007–08ರಲ್ಲಿ ಮತ್ತೊಮ್ಮೆ ಮಾಡಿಸಿತು. ಅವರಿಗೆ ಸಿಗುತ್ತಿದ್ದ ಮಾಸಾಶನಕ್ಕೆ ಆ ಯಾದಿಗಳಲ್ಲಿ ಹೆಸರಿರಬೇಕಾಗಿತ್ತು. ಊರು ಬಿಟ್ಟು ಹೋದವಳ ಹೆಸರನ್ನು 2007ರಲ್ಲಿ ಅಲ್ಲಿ ಬರೆಸಿದವರು ಯಾರಾದರೂ ಇದ್ದರೋ ಎಂಬ ಯೋಚನೆ ನನಗೆ ಆಗಾಗ ಬರುತ್ತದೆ.

2019ರ ಸೆಪ್ಟೆಂಬರಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಸಮಾಜಕಾರ್ಯ ಓದಿಕೊಂಡವಳು, ನೆರೆಪೀಡಿತರ ಸಮೀಕ್ಷೆಗೆಂದು ಸ್ವಯಂಸೇವಕಿಯಾಗಿ ಓಡಾಡುತ್ತಿದ್ದಳು. "ಸರ, ನಿಮಗ ಈ ಊರು ಗೊತ್ತೈತಿ. ಯಾದಿ ಎಲ್ಲಿಂದ ಶುರು ಮಾಡಲಿ ರೀ?" ಎಂದು ಕೇಳಿದಳು. ಅವಳ ಕೈಯಲ್ಲಿದ್ದ ಹಾಳೆಯಲ್ಲಿ ಯಾರನ್ನು ಮೊದಲು ನೋಡಬೇಕೆಂದು ಬರೆದಿತ್ತು: ಗಂಡಸಿಲ್ಲದ ಮನೆ, ಒಂಟಿ ಮುದುಕರು, ಅಂಗವಿಕಲರು, ಭೂಮಿ ಇಲ್ಲದವರು. ಕೊನೆಯಲ್ಲಿ, ಬೇರೆ ಯಾವ ನೆರವೂ ಮುಟ್ಟದವರು. ಪಂಚಾಯಿತಿಯಿಂದ ಶುರು ಮಾಡಬೇಡ, ಓಣಿಯ ಕೊನೆಯ ಗುಡಿಸಲಿನಿಂದ ಶುರು ಮಾಡು, ಕಾರ್ಡ್ ಕೇಳುವುದನ್ನು ಕೊನೆಗೆ ಇಟ್ಟುಕೋ ಎಂದೆ. ಆಮೇಲೆ 2005ರ ಸಂಗತಿಯನ್ನು ಹೇಳಿದೆ. ನನ್ನ ಹೆಂಡತಿಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ಹುಡುಗಿ ಏನೂ ಅನ್ನಲಿಲ್ಲ, ಚಹಾ ಕುಡಿದು ಕೊನೆಯ ಗುಡಿಸಲಿನ ದಾರಿ ಕೇಳಿಕೊಂಡು ಹೋದಳು.

ಬಂಧುಗಳಲ್ಲಿ ಕೆಲವರು ಇದನ್ನು ಓದಿ ಹುಬ್ಬು ಗಂಟಿಕ್ಕುವರೆಂದು ಬಲ್ಲೆ. ಕ್ರೈಸ್ತ ಸಂಸ್ಥೆ ಬಂದರೆ ಅದರ ಹಿಂದೆ ಮತಾಂತರದ ಉದ್ದೇಶ ಇದ್ದೇ ಇರುತ್ತದೆ ಎಂದು ನನ್ನ ಎದುರಿಗೇ ಹೇಳಿದವರಿದ್ದಾರೆ. ಸಂಶಯ ಪಡುವುದು ಅಪರಾಧವಲ್ಲ, ವಿಚಾರಿಸದೆ ಬಿಡುವುದು ತಪ್ಪು. 1994ರಲ್ಲಿ ರೆಡ್ ಕ್ರಾಸ್ ಚಳವಳಿಯೊಂದಿಗೆ ಕೆಲವು ಅಂತರರಾಷ್ಟ್ರೀಯ ಸಂಸ್ಥೆಗಳು ಕೂಡಿ ವಿಪತ್ತು ಪರಿಹಾರಕ್ಕೆ ಒಂದು ನೀತಿಸಂಹಿತೆಯನ್ನು ಒಪ್ಪಿಕೊಂಡವು. ಕಾರಿತಾಸ್‌ನ ಜಾಗತಿಕ ಒಕ್ಕೂಟ ಅವುಗಳಲ್ಲಿ ಒಂದು. ಜಾತಿ ಮತ ನೋಡದೆ ಅಗತ್ಯವನ್ನು ನೋಡಿ ಕೊಡಬೇಕು, ನೆರವನ್ನು ಯಾವುದೇ ಧರ್ಮದ ಅಥವಾ ರಾಜಕೀಯದ ಪ್ರಚಾರಕ್ಕೆ ಬಳಸಬಾರದು ಎಂಬುದು ಅದರ ಸಾರ. ಬರೆದದ್ದೆಲ್ಲ ಎಲ್ಲೆಡೆ ನಡೆಯುತ್ತದೆಂದು ನಾನು ಹೇಳಲಾರೆ. ನಾನು ಕಂಡದ್ದನ್ನು ಹೇಳಬಲ್ಲೆ: ಆ ಹುಡುಗಿ ಲಿಂಗಾಯತರ ಮನೆಯವಳು, ಅವಳ ಜೊತೆ ಬಂದಿದ್ದವನು ಮುಸಲ್ಮಾನರ ಹುಡುಗ, ಅವರು ಹೆಸರು ಬರೆದುಕೊಂಡ ಓಣಿಯಲ್ಲಿ ಒಂದೇ ಒಂದು ಕ್ರೈಸ್ತರ ಮನೆ ಇರಲಿಲ್ಲ.

ಇನ್ನೊಂದು ಬದಲಾವಣೆಯನ್ನು ಹೇಳಬೇಕು. ವಿದೇಶಿ ದೇಣಿಗೆಯ ಮೇಲೆ 1976ರಿಂದಲೂ ನಮ್ಮಲ್ಲಿ ಕಾನೂನಿದೆ. 2010ರಲ್ಲಿ ಅದನ್ನು ಹೊಸದಾಗಿ ಬರೆದರು. 2020ರ ಸೆಪ್ಟೆಂಬರಿನ ತಿದ್ದುಪಡಿಯು, ಒಂದು ಸಂಸ್ಥೆಗೆ ಬಂದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸಬಾರದೆಂದು ವಿಧಿಸಿತು. ಆಡಳಿತದ ಖರ್ಚಿನ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು. ಲೆಕ್ಕ ಸ್ಪಷ್ಟವಾಗಿರಬೇಕೆಂಬ ಮಾತನ್ನು ಹಳೆಯ ಮೇಷ್ಟರಾದ ನಾನು ಒಪ್ಪುತ್ತೇನೆ. ಆದರೆ ಮೇಲೆ ವಿವರಿಸಿದ ಕಾಲುವೆಯನ್ನು ನೆನಪಿಸಿಕೊಳ್ಳಿರಿ: ಹೊರದೇಶದಿಂದ ದೆಹಲಿಗೆ, ದೆಹಲಿಯಿಂದ ಧರ್ಮಪ್ರಾಂತ್ಯದ ಸಂಸ್ಥೆಗೆ, ಅಲ್ಲಿಂದ ಹಳ್ಳಿಗೆ. ಆ ಕಾಲುವೆಯ ನಡುವಿನ ತೂಬನ್ನು ಕಾನೂನು ಮುಚ್ಚಿತು. ದೊಡ್ಡ ಸಂಸ್ಥೆ ತನ್ನ ಹಣವನ್ನು ತಾನೇ ಖರ್ಚು ಮಾಡಬೇಕು, ಸಣ್ಣ ಸಂಸ್ಥೆ ತನ್ನ ದಾನಿಯನ್ನು ತಾನೇ ಹುಡುಕಿಕೊಳ್ಳಬೇಕು. ಓಣಿಯ ಕೊನೆಯ ಗುಡಿಸಲನ್ನು ಬಲ್ಲವರು ಸಣ್ಣ ಸಂಸ್ಥೆಯವರೇ ಎಂಬುದು ಇಲ್ಲಿಯ ತೊಡಕು. ತಿದ್ದುಪಡಿಯಾಗಿ ವರ್ಷ ತುಂಬುವ ಮೊದಲೇ, 2021ರ ಜುಲೈ ಕೊನೆಯ ವಾರದಲ್ಲಿ, ಕೃಷ್ಣೆ, ದೂಧಗಂಗೆ, ವೇದಗಂಗೆಯರು ಮತ್ತೆ ಅದೇ ಊರುಗಳಿಗೆ ಬಂದರು. 2019ರ ಮನೆಗಳಿಗೆ ಕೆಲವರು ಇನ್ನೂ ಬುನಾದಿಯನ್ನೂ ಹಾಕಿಸಿರಲಿಲ್ಲ.

ಫೋನ್ ಮಾಡಿದ ಶಿಷ್ಯನಿಗೆ ಈ ವೇಳೆಗೆ ಉತ್ತರ ಸಿಕ್ಕಿರಬೇಕು. ನಿನಗೆ ಉಪ್ಪಿಟ್ಟು ಕೊಟ್ಟವರು ಕೇರ್‌ನವರೇ, ಮಾರಾಯ. ಬಡಿಸಿದವನು ನಾನು.

ಕೊನೆಯದಾಗಿ ಒಂದು ವಿನಂತಿ. 2005ರಲ್ಲಿ ಹೊಳೆಸಾಲಿನ ಆ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯಲ್ಲಿದ್ದವರು ಈಗ ಮೂವತ್ತರ ಆಚೀಚೆ ಇದ್ದೀರಿ. ಮುಂದಿನ ಸಾಲಿನಲ್ಲಿ ಕಿಟಕಿಯ ಪಕ್ಕ ಕೂಡುತ್ತಿದ್ದ, ಮಗ್ಗಿಯನ್ನು 20ರವರೆಗೆ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ ಆ ಹುಡುಗ ನಿಮಗೆ ನೆನಪಿದ್ದರೆ, ಇಚಲಕರಂಜಿಯಲ್ಲಾಗಲಿ ಬೇರೆಲ್ಲಾಗಲಿ ಅವನ ಸುಳಿವು ತಿಳಿದಿದ್ದರೆ, ದಯವಿಟ್ಟು ನನಗೆ ತಿಳಿಸಿರಿ.